ನಲವತ್ತೇಳನೇ ಪುಟದ ‘ಇರಲಿ’

ಮಾರ್ಚ್ ೪, ಸೋಮವಾರ

ಇವತ್ತು ರೈಲು ನಿಲ್ದಾಣಕ್ಕೆ ಹೋಗಿ ನನ್ನ ದನಿಯನ್ನು ನಾನೇ ಕೇಳಿಸಿಕೊಂಡು ಬಂದೆ. ಅಲ್ಲಿ ಪ್ರಕಟಣೆ ಹೇಳುವ ಕೆಲಸದಿಂದ ನಾನು ನಿವೃತ್ತನಾಗಿ ಎರಡು ತಿಂಗಳಾಯಿತು, ಅದು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಕೆಲಸ ಬಿಡುವ ಮುಂಚೆ ಊರುಗಳ ಹೆಸರು, ಅಂಕಿಗಳು, ‘ದಯವಿಟ್ಟು ಗಮನಿಸಿ’, ‘ತಡವಾಗಿ’, ‘ವಿಷಾದಿಸುತ್ತೇವೆ’ ಎಲ್ಲವನ್ನೂ ಬಿಡಿಬಿಡಿಯಾಗಿ ನನ್ನ ಬಾಯಲ್ಲಿ ಹೇಳಿಸಿ ಯಂತ್ರಕ್ಕೆ ತುಂಬಿಕೊಂಡಿದ್ದರು. ಈಗ ಯಂತ್ರವೇ ಅವನ್ನು ಜೋಡಿಸಿ ಹೇಳುತ್ತದೆ. ಎರಡನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕೇಳಿದೆ. ಚೆನ್ನಾಗಿಯೇ ಹೇಳುತ್ತೇನೆ. ಪಕ್ಕದಲ್ಲಿ ಕೂತಿದ್ದವನಿಗೆ “ಅದು ನಾನೇ” ಎಂದೆ. ಅವನು ತನ್ನ ಚೀಲವನ್ನು ಸ್ವಲ್ಪ ಆಚೆಗೆ ಎಳೆದುಕೊಂಡ.

ಮೂವತ್ತು ವರ್ಷ ಒಂದೇ ದನಿ. ರೈಲು ಹೊತ್ತಿಗೆ ಸರಿಯಾಗಿ ಬಂದರೂ ಅದೇ, ಅರ್ಧ ದಿನ ತಡವಾದರೂ ಅದೇ. ಸಿಟ್ಟು ಕೇಳಿಸಬಾರದು, ಸಂತೋಷ ಇಣುಕಬಾರದು, ನೆಗಡಿಯಾದದ್ದೂ ಗೊತ್ತಾಗಬಾರದು. ಅಷ್ಟು ವರ್ಷವೂ ದಿನಕ್ಕೆ ಹತ್ತಾರು ಸಲ ವಿಷಾದಿಸಿದ್ದೇನೆ, ಒಂದು ಸಲವೂ ಬೇಸರವಾಗಿಲ್ಲ. ಅದೇ ನನ್ನ ಹೆಚ್ಚುಗಾರಿಕೆ ಎಂದು ಬೀಳ್ಕೊಡುಗೆಯ ದಿನ ಸ್ಟೇಷನ್ ಮಾಸ್ಟರು ಎಲ್ಲರೆದುರು ಹೇಳಿದ್ದರು.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಅವಳು ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಮಷೀನಿಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತಾಳೆ. ತಲೆ ಎತ್ತದೆಯೇ, “ನಿಮ್ಮ ದನಿ ಕೇಳೋಕೆ ಅಷ್ಟು ದೂರ ಯಾಕೆ ಹೋದ್ರಿ? ಎರಡು ತಿಂಗಳಿಂದ ಮನೇಲೇ ನಡೀತಿದೆಯಲ್ಲ” ಎಂದಳು. ಅವಳಿಗೆ ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ. ಆದರೆ ಮಾತು ಸುಳ್ಳಲ್ಲ. ನಿನ್ನೆ ನಾನು ಸ್ನಾನಕ್ಕೆ ಹೊರಟಾಗ ಹಾಗೆಂದು ಎರಡು ಸಲ ಪ್ರಕಟಿಸಿದೆನಂತೆ.

ಮಾರ್ಚ್ ೭, ಗುರುವಾರ

ಕೆಲಸ ಸಿಗುವ ಹಾಗಿದೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಇಡುವ ಗ್ರಂಥಾಲಯವೊಂದಿದೆ. ಓದುವವರು ಬೇಕಾಗಿದ್ದಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಹೋದೆ. ಅದರ ಮುಖ್ಯಸ್ಥೆಗೂ ಕಣ್ಣು ಕಾಣುವುದಿಲ್ಲ. ಅಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ, ನಾನೂ ಅದನ್ನೇ ಇಟ್ಟುಕೊಂಡೆ. ಬಾಗಿಲಲ್ಲಿ ನಿಂತು “ನಮಸ್ಕಾರ, ಒಳಗೆ ಬರಬಹುದೇ” ಎಂದದ್ದೇ ತಡ, ಅವರು ನಗತೊಡಗಿದರು. “ಬನ್ನಿ, ಬನ್ನಿ. ಎಷ್ಟು ಗಂಟೆ ತಡವಾಗಿ ಬಂದ್ರಿ?” ದನಿ ಗುರುತಿಸಿದ್ದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಒಂದು ತೆಳ್ಳನೆಯ ಕಾದಂಬರಿ ಕೊಟ್ಟಿದ್ದಾರೆ, ದೋಣಿ ನಡೆಸುವ ಮನೆತನದ ಕಥೆ. ತಿಂಗಳ ಕೊನೆಯೊಳಗೆ ಅದನ್ನು ಒಪ್ಪುವ ಹಾಗೆ ಓದಿ ಮುಗಿಸಿದರೆ ನಾನು ಅಲ್ಲಿನ ಖಾಯಂ ಓದುಗ. ಇಲ್ಲದಿದ್ದರೆ ಪುಸ್ತಕ ರೇಡಿಯೋದಲ್ಲಿ ವಾರ್ತೆ ಓದುವ ಒಬ್ಬ ಹೆಂಗಸಿಗೆ ಹೋಗುತ್ತದೆ, ನಾನು ಎರಡನೇ ಪ್ಲಾಟ್‌ಫಾರ್ಮಿನ ಬೆಂಚಿಗೆ ಹೋಗುತ್ತೇನೆ. ಅಕ್ಷರ ಓದಲು ಬರುವ, ಇಷ್ಟು ಅನುಭವವಿರುವ ನನಗೆ ಇದೇನು ಮಹಾ. ಸಂತೋಷವಾಗಿದೆ, ನಿದ್ದೆ ಬರುವ ಹಾಗೆ ಕಾಣುವುದಿಲ್ಲ.

ಮಾರ್ಚ್ ೮, ಶುಕ್ರವಾರ

ಮೊದಲ ದಿನ. ಸ್ಪಂಜು ಹೊದಿಸಿದ ಸಣ್ಣ ಕೋಣೆ, ಗಾಜಿನ ಆಚೆಗೆ ಧ್ವನಿಮುದ್ರಣ ಮಾಡುವವನು. ನಡುವಯಸ್ಸಿನ ಸಾಧು ಮನುಷ್ಯ, ಆದರೆ ಅವನ ಬಾಯಲ್ಲಿ ಒಂದೇ ಮಾತು: “ಮತ್ತೊಮ್ಮೆ, ಸರ್.” ಪುಟ ಮಗುಚಿದ ಸದ್ದಾದರೆ ಮತ್ತೊಮ್ಮೆ. ಉಗುಳು ನುಂಗಿದರೆ ಮತ್ತೊಮ್ಮೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಗುಡುಗಿದ್ದು ಅವನ ಹೆಡ್‌ಫೋನಿನಲ್ಲಿ ಕೇಳಿಸಿ ಅದಕ್ಕೂ ಮತ್ತೊಮ್ಮೆ. ನಾನು ಅವನಿಗೆ ‘ಮತ್ತೊಮ್ಮೆ’ ಎಂದೇ ಹೆಸರಿಟ್ಟಿದ್ದೇನೆ. ಬಾಯಿ ಒಣಗದಿರಲೆಂದು ಸೇಬಿನ ಚೂರು ಕೊಡುತ್ತಾನೆ, ಆ ಮಟ್ಟಿಗೆ ಒಳ್ಳೆಯವನು.

ಒಂದು ಎಡವಟ್ಟು ಮಾಡಿಕೊಂಡೆ. ನಿಲ್ದಾಣದಲ್ಲಿ ಮುಖ್ಯವಾದದ್ದನ್ನು ಎರಡು ಸಲ ಹೇಳಲೇಬೇಕು, ಅದು ನಿಯಮ. ಕಾದಂಬರಿಯಲ್ಲಿ ‘ಮುಂಜಾನೆಯ ಹೊತ್ತಿಗೆ ಅಜ್ಜಿ ತೀರಿಕೊಂಡಳು’ ಎಂದು ಬಂತು. ಬಾಯಿ ತಾನಾಗಿಯೇ ಎರಡು ಸಲ ಓದಿತು. ಗಾಜಿನ ಆಚೆಯಿಂದ ಮತ್ತೊಮ್ಮೆ ಬಹಳ ವಿನಯದಿಂದ, “ಸರ್, ಅಜ್ಜಿ ಒಂದೇ ಸಲ ತೀರಿಕೊಂಡಿದ್ದು” ಎಂದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನನ್ನದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು.

ಮಾರ್ಚ್ ೧೧, ಸೋಮವಾರ

ಮನೆಯಲ್ಲಿ ಅಭ್ಯಾಸ ಮಾಡಲು ನಿಶ್ಶಬ್ದ ಬೇಕು. ಇಡೀ ಮನೆಯಲ್ಲಿ ಬಾಗಿಲು ಸರಿಯಾಗಿ ಮುಚ್ಚುವುದು ಮುಂದಿನ ಕೋಣೆಯದು ಮಾತ್ರ. ಹೊಲಿಗೆ ಮಷೀನನ್ನು ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ಸಾಗಿಸಿದೆ. ಗೋಡೆಗಳಿಗೆ ರಜಾಯಿಗಳನ್ನು ಮೊಳೆ ಹೊಡೆದು ತೂಗುಹಾಕಿದೆ, ಕಿಟಕಿಗೆ ಹಾಸಿಗೆಯನ್ನೇ ಆನಿಸಿದೆ. ಈಗ ಅದು ಕೋಣೆಯಲ್ಲ, ಸ್ಟುಡಿಯೋ.

ಹೆಂಡತಿಗೆ ಮೊದಲೇ ವಿವರಿಸಿದ್ದೆ. “ಈ ತಿಂಗಳ ಮಟ್ಟಿಗೆ ಮಾತ್ರ. ನಿನ್ನ ಕೆಲಸ ಎಲ್ಲಿ ಕೂತ್ರೂ ಆಗುತ್ತೆ” ಎಂದೆ. ಅವಳು ದಾರ ಸುತ್ತಿದ ಬಾಬಿನ್ನುಗಳ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ಒಂದು ಗಳಿಗೆ ಕೋಣೆಯನ್ನೆಲ್ಲ ನೋಡಿ, “ಇರ್ಲಿ” ಎಂದಳು. ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಎಣಿಸಿರಲಿಲ್ಲ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು.

ಮಾರ್ಚ್ ೧೪, ಗುರುವಾರ

ಇವತ್ತು ನನಗೆ ಅವಮಾನವಾಯಿತು. ಬರೆದುಬಿಡುತ್ತೇನೆ, ಹಗುರಾದೀತು.

ಮೇಡಂ ಇಷ್ಟು ದಿನ ಓದಿದ್ದನ್ನೆಲ್ಲ ಕೇಳಿದ್ದರು. ಅವರು ಎಲ್ಲವನ್ನೂ ಎರಡರಷ್ಟು ವೇಗದಲ್ಲಿ ಕೇಳುತ್ತಾರೆ, ಆದರೂ ಒಂದು ಉಸಿರೂ ತಪ್ಪುವುದಿಲ್ಲ. “ನಿಮ್ಮ ಉಚ್ಚಾರ ಬಂಗಾರ ಸರ್. ಆದ್ರೆ ಒಂದು ಮಾತು ಕೇಳಿಸ್ತೀನಿ” ಎಂದು ಮತ್ತೊಮ್ಮೆಗೆ ಸನ್ನೆ ಮಾಡಿದರು. ಅವನು ಕಾದಂಬರಿಯ ಬೇರೆ ಬೇರೆ ಕಡೆಯಿಂದ ಒಂದೇ ಪದವನ್ನು ಕತ್ತರಿಸಿ ಸಾಲಾಗಿ ಅಂಟಿಸಿಟ್ಟಿದ್ದ. ಇರಲಿ. ಇರಲಿ. ಇರಲಿ. ಇರಲಿ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ನಿಲ್ದಾಣದಲ್ಲಾಗಿದ್ದರೆ ಇದಕ್ಕೆ ಬಹುಮಾನ ಕೊಡುತ್ತಿದ್ದರು.

“ಅಜ್ಜ ಹೊರಟು ನಿಂತ ಮೊಮ್ಮಗನ ಕೈಗೆ ಕಂಬಳಿ ಇಡ್ತಾನಲ್ಲ, ಅಜ್ಜನಿಗೆ ಚಳಿ ಇಲ್ವಾ? ಇದೆ. ಆದ್ರೂ ‘ಇರಲಿ’ ಅಂತಾನೆ. ನಂದೂ ನೀನೇ ಇಟ್ಕೋ ಅನ್ನೋ ಇರಲಿ ಅದು. ಅದೇ ಅಣ್ಣ ತಮ್ಮನ ಜೊತೆ ಜಗಳ ಆಡಿ ಬಾಗಿಲು ದಾಟುವಾಗ ‘ಇರಲಿ’ ಅಂತಾನೆ, ಅದರಲ್ಲಿ ಹಲ್ಲು ಕಡಿಯೋ ಸದ್ದಿದೆ. ಒಳ್ಳೆ ಬರಹಗಾರರು ದೊಡ್ಡ ದೊಡ್ಡ ಪದ ಹುಡುಕ್ಕೊಂಡು ಹೋಗಲ್ಲ ಸರ್. ಮನೆಮಂದಿಯೆಲ್ಲ ಬಳಸೋ ಮಾತನ್ನೇ ಒಬ್ಬೊಬ್ಬರ ಬಾಯಲ್ಲಿ ಇಟ್ಟುಬಿಡ್ತಾರೆ. ಅದು ಅಲ್ಲಿ ಬೇರೇನೇ ಆಗುತ್ತೆ.”

ಎಲ್ಲಕ್ಕಿಂತ ಕೆಟ್ಟದಾಗಿ ಬಂದಿರುವುದು ನಲವತ್ತೇಳನೇ ಪುಟದ್ದಂತೆ. ಅದು ಅಕ್ಕನದು. ಹೊಳೆಯಾಚೆಯ ಪೇಟೆ ನೋಡಬೇಕೆಂದು ಅವಳಿಗೆ ಬಹಳ ದಿನದ ಆಸೆ. ತಮ್ಮ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಅವಳು ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು ದಡಕ್ಕೆ ಬಂದರೆ, ದೋಣಿಯಲ್ಲಿ ಅವಳು ಕೂರಬೇಕಾದ ಜಾಗದಲ್ಲಿ ಯಾರದೋ ಪೆಟ್ಟಿಗೆಗಳು. ಮುಂದಿನ ಸಲ ಖಂಡಿತ ಎನ್ನುತ್ತಾನೆ ತಮ್ಮ. ‘ಇರಲಿ, ಎಂದಳು ಅಕ್ಕ.’ ಅಲ್ಲಿಗೆ ಅಧ್ಯಾಯ ಮುಗಿಯಿತು.

“ಒಪ್ಕೊಂಡ್ಳು, ಮುಂದಿನ ಸಲ ಹೋದ್ರಾಯ್ತು. ಇದರಲ್ಲಿ ಏನು ಕಷ್ಟ ಮೇಡಂ?” ಎಂದೆ. ಅವರು, “ತಿಂಗಳ ಕೊನೆಯವರೆಗೆ ಟೈಮಿದೆ ಸರ್” ಎಂದರು. ಅದನ್ನು ನನ್ನ ‘ವಿಷಾದಿಸುತ್ತೇವೆ’ಯ ದನಿಯಲ್ಲೇ ಅಂದರು, ಅದು ನನಗೆ ಚುಚ್ಚಿತು.

ಮಾರ್ಚ್ ೧೫, ಶುಕ್ರವಾರ

ತಪ್ಪು ನನ್ನದಲ್ಲ, ಲೇಖಕನದು. ‘ಎಂದಳು ಅಕ್ಕ’ ಎಂದು ಬರೆದು ಕೈ ತೊಳೆದುಕೊಂಡಿದ್ದಾನೆ. ‘ಕಣ್ಣೀರು ತುಂಬಿ’ ಎಂದೋ ‘ಮುನಿಸಿನಿಂದ’ ಎಂದೋ ಒಂದು ಮಾತು ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಪ್ಲಾಟ್‌ಫಾರ್ಮ್ ನಂಬರು ಹೇಳದೆ ರೈಲು ಬರುತ್ತಿದೆ ಅಂದ ಹಾಗಾಯಿತು.

ಇದನ್ನು ಹೆಂಡತಿಗೆ ಹೇಳಿದರೆ, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದು ಒಗೆಯುವ ಕೋಣೆಗೆ ಹೋದಳು.

ಮಾರ್ಚ್ ೧೬, ಶನಿವಾರ

ಬೆಳಗಿನಿಂದ ಊರೆಲ್ಲ ಸುತ್ತಿ ಕಿವಿ ಇಟ್ಟು ಕೇಳಿದೆ. ಈ ಪದ ಇಷ್ಟೊಂದು ಜನರ ಬಾಯಲ್ಲಿ ಓಡಾಡುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಒಬ್ಬನ ಕಾಲು ತುಳಿದೆ. “ಇರ್ಲಿ ಬಿಡಿ” ಎಂದ, ಆದರೆ ಅವನ ಮುಖದಲ್ಲಿ ಇರಲಿಯೂ ಇರಲಿಲ್ಲ, ಬಿಡಿಯೂ ಇರಲಿಲ್ಲ. ಅಂಗಡಿಯಲ್ಲಿ ಟೀ ಲೋಟದ ಅಂಚಿಗೆ ಬಂದಾಗ ಸಾಕು ಎಂದೆ. “ಇರ್ಲಿ ಇರ್ಲಿ, ಬಿಸಿ ಇದೆ” ಎಂದು ಇನ್ನೂ ಸುರಿದರು, ಅದು ಪ್ರೀತಿಯದು. ಎದುರುಮನೆಯವರಿಗೆ ನನ್ನ ಹೊಸ ಕೆಲಸದ ವಿಷಯ ವಿಸ್ತಾರವಾಗಿ ಹೇಳುತ್ತಿದ್ದೆ, ನಡುವೆಯೇ “ಅದಿರ್ಲಿ, ನಿಮ್ಮನೆ ನಲ್ಲೀಲಿ ನೀರು ಬಂತಾ?” ಎಂದರು. ಅದು ಏನೆಂದು ಹೇಳಬೇಕಾಗಿಲ್ಲ.

ಕ್ಷೌರದಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿಯವನನ್ನು “ಮೀಸೆ ತೆಗೀಲಾ?” ಎಂದು ಕೇಳಿದರು. ಅವನು ಕನ್ನಡಿಯಲ್ಲಿ ತನ್ನನ್ನೇ ಬಹಳ ಹೊತ್ತು ನೋಡಿಕೊಂಡು “ಇರಲಿ” ಎಂದ. ಒಂದು ರಾಜ್ಯವನ್ನು ಉಳಿಸಿಕೊಂಡ ಗಾಂಭೀರ್ಯವಿತ್ತು ಅದರಲ್ಲಿ. ನಗು ತಡೆಯಲಾರದೆ ನಾನು ಅಲುಗಾಡಿ, ನನ್ನ ಕಿವಿಯ ಹತ್ತಿರ ಸ್ವಲ್ಪ ಗಾಯವಾಯಿತು. ಸಾಹಿತ್ಯಕ್ಕಾಗಿ ಇಷ್ಟೂ ಮಾಡದಿದ್ದರೆ ಹೇಗೆ.

ಆದರೆ ಅಕ್ಕನ ಇರಲಿ ಎಲ್ಲೂ ಸಿಗಲಿಲ್ಲ.

ಮಾರ್ಚ್ ೧೮, ಸೋಮವಾರ

ನಲವತ್ತೇಳನೇ ಪುಟವನ್ನು ಮನೆಯಲ್ಲೇ ಮೊಬೈಲಿನಲ್ಲಿ ಓದಿ ಕಳಿಸಿ ನೋಡೋಣ ಎಂದಿದ್ದರು ಮೇಡಂ. ರಜಾಯಿಗಳ ನಡುವೆ ಕೂತು ಶುರುಮಾಡಿದೆ. ಮೊದಲು ಬೀದಿ ಬಾಗಿಲು ಬಡಿಯಿತು. ಪರದೆ ಹೊಲಿಯಲು ಕೊಟ್ಟಿದ್ದ ಟೀಚರಮ್ಮ. ಮುಂದಿನ ಕೋಣೆಯ ಅವಸ್ಥೆ ನೋಡಿ, “ಮನೆ ಖಾಲಿ ಮಾಡ್ತಿದೀರಾ?” ಎಂದರು. ಹಿಂದಿನ ಬಾಗಿಲಿಗೆ ಹೋಗಿ ಎಂದು ಕಳಿಸಿದೆ. ಅಲ್ಲಿ ಕೂರಲು ಜಾಗವಿಲ್ಲ, ಅಳತೆ ಕೊಡಲು ಬೆಳಕಿಲ್ಲ ಎಂದು ಅವರೂ ಹೆಂಡತಿಯೂ ಸ್ವಲ್ಪ ಹೊತ್ತು ಮಾತಾಡಿದ್ದು ಕೇಳಿಸಿತು. ಹೆಂಗಸರಿಗೆ ಮಾತಿಗೆ ವಿಷಯ ಬೇಕಲ್ಲ.

ಮತ್ತೆ ಓದಲು ಕೂತರೆ ಹಿಂದಿನಿಂದ ಮಷೀನಿನ ಕಟಕಟ. ಬಾಗಿಲು ತೆಗೆದು ಕರೆದೆ. ಬಂದು ನಿಂತಳು.

“ಸ್ವಲ್ಪ ಹೊತ್ತು ಮಷೀನು ನಿಲ್ಲಿಸು. ಇಲ್ಲಿ ಸಾಹಿತ್ಯ ನಡೀತಿದೆ.”

“ಟೀಚರಮ್ಮನ ಪರದೆ ಸಂಜೆಗೆ ಕೊಡ್ಬೇಕು. ನಿನ್ನೆಯೇ ಕೊಡ್ತೀನಿ ಅಂದಿದ್ದೆ.”

“ನಾಳೆ ಕೊಟ್ರಾಯ್ತು. ಪರದೆ ಎಲ್ಲಿಗೆ ಓಡಿ ಹೋಗುತ್ತೆ?”

“ಇರ್ಲಿ” ಎಂದು ಹೋದಳು.

ಆಮೇಲೆ ಯಾವ ಅಡ್ಡಿಯೂ ಇಲ್ಲದೆ ಓದಿ ಮುಗಿಸಿ ಕಳಿಸಿದೆ. ಮೊಬೈಲನ್ನು ನಡುವೆ ನಿಲ್ಲಿಸಲು ಮರೆತಿದ್ದೆ, ನಮ್ಮ ಮಾತೂ ಅದರಲ್ಲಿ ಸೇರಿದೆ. ಮತ್ತೊಮ್ಮೆ ಕತ್ತರಿಸಿಕೊಳ್ಳುತ್ತಾನೆ.

ಮಾರ್ಚ್ ೨೦, ಬುಧವಾರ

ಕತ್ತರಿಸಲಿಲ್ಲ.

ಮೇಡಂ ನನ್ನನ್ನು ಕೂರಿಸಿ, “ನಿಮ್ಮ ಇರಲಿ ಎಂದಿನಂತೆ ಎರಡನೇ ಪ್ಲಾಟ್‌ಫಾರ್ಮಿಗೇ ಬಂತು ಸರ್. ಆದ್ರೆ ಅದಕ್ಕೆ ಮುಂಚೆ ಇನ್ಯಾರೋ ಒಬ್ರು ‘ಇರ್ಲಿ’ ಅಂದ್ರಲ್ಲ, ಅವರು ಯಾರು?” ಎಂದು ಕೇಳಿದರು. ಮತ್ತೊಮ್ಮೆ ಅದನ್ನು ಹಾಕಿದ. ಪರದೆ, ನಾಳೆ ಕೊಟ್ರಾಯ್ತು, ಇರ್ಲಿ.

“ಅದೇ. ಅದೇ ನನಗೆ ಬೇಕಾಗಿರೋದು. ದೋಣಿ ಹತ್ತಿರ ನಿಂತ ಅಕ್ಕ ಅಂದಿದ್ದು ಹೀಗೆ.”

“ಅದು ನನ್ನ ಹೆಂಡತಿ ಮೇಡಂ. ಓದಿದ್ದಲ್ಲ, ಸುಮ್ನೆ ಒಪ್ಕೊಂಡಿದ್ದು” ಎಂದೆ.

ಮತ್ತೊಮ್ಮೆ ಗಾಜಿನಾಚೆ ತನ್ನ ಹೆಡ್‌ಫೋನಿನ ವೈರಿನ ಗಂಟು ಬಿಡಿಸುತ್ತ ಕೂತ. ಅದರಲ್ಲಿ ಗಂಟೇ ಇರಲಿಲ್ಲ. ಕೊನೆಗೆ ಮೇಡಂ, “ಒಪ್ಕೊಂಡಿದ್ದೇ ಇರ್ಬಹುದು. ಮನೆಗೆ ಹೋಗಿ ನೀವೇ ಚೆನ್ನಾಗಿ ಕೇಳಿ” ಎಂದು ಆ ತುಣುಕನ್ನು ನನ್ನ ಮೊಬೈಲಿಗೆ ಕಳಿಸಿದರು. ಮುಂದಿನ ವಾರದ ಗುರುವಾರದೊಳಗೆ ಆ ಪುಟ ಬರದಿದ್ದರೆ ವಾರ್ತೆಯ ಹೆಂಗಸನ್ನು ಕರೆಯಬೇಕಾಗುತ್ತದಂತೆ.

ಮೂವತ್ತು ವರ್ಷ ಮೈಕಿನ ಮುಂದೆ ಕೂತವನು ನಾನು, ಶಹಭಾಸ್ ಸಿಕ್ಕಿದ್ದು ಅವಳಿಗೆ. ಅದೂ ಬಾಗಿಲಲ್ಲಿ ನಿಂತು ಆಡಿದ ಒಂದು ಮಾತಿಗೆ.

ಮಾರ್ಚ್ ೨೧, ಗುರುವಾರ

“ಇನ್ನೊಂದ್ಸಲ ಇರ್ಲಿ ಅನ್ನು” ಎಂದೆ ಹೆಂಡತಿಗೆ.

“ಏನು ಇರ್ಲಿ?”

“ಏನೂ ಇಲ್ಲ. ಸುಮ್ನೆ ಅನ್ನು.”

“ಸುಮ್ಸುಮ್ನೆ ಇರ್ಲಿ ಅನ್ನೋಕೆ ನನಗೇನು ತಲೆ ಕೆಟ್ಟಿದ್ಯಾ?”

ಟೀ ಮಾಡಿಕೊಡುತ್ತೇನೆಂದು ಆಸೆ ತೋರಿಸಿದ ಮೇಲೆ ಅಂದಳು. ಆದರೆ ನಾಟಕದ ರಾಣಿಯ ಹಾಗೆ ಕೈ ಎತ್ತಿ, ಇನ್ನೊಮ್ಮೆ ಮೂಗು ಹಿಡಿದುಕೊಂಡು, ಮೂರನೇ ಸಲ ಥೇಟ್ ನನ್ನ ದನಿಯಲ್ಲೇ, “ದಯವಿಟ್ಟು ಗಮನಿಸಿ, ಇರಲಿ.” ಇಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ಈ ಮನೆಯಲ್ಲಿ ಹಾಗೆ ನಕ್ಕು ಎಷ್ಟು ಕಾಲವಾಯಿತೋ. ಟೀ ಖರ್ಚಾಯಿತು, ಇರಲಿ ಸಿಗಲಿಲ್ಲ.

ಮಾರ್ಚ್ ೨೨, ಶುಕ್ರವಾರ

ಬರೆಯುವಂಥದ್ದೇನಿಲ್ಲ. ಆ ತುಣುಕನ್ನು ಮತ್ತೆ ಮತ್ತೆ ಕೇಳಿದೆ. ಅದರಲ್ಲಿ ನನ್ನ ದನಿ ತುಂಬ ದೊಡ್ಡದಾಗಿದೆ. ಅವಳದು ಸಣ್ಣದು. ‘ಇರ್ಲಿ’ಗೆ ಮುಂಚೆ ಸ್ವಲ್ಪ ಬಿಡುವಿದೆ, ಅವಳು ಏನೋ ಹೇಳಲು ಬಾಯಿ ತೆರೆದು ಬಿಟ್ಟ ಹಾಗಿದೆ.

ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು ಬೇಕಾಗಿ ಒಗೆಯುವ ಕೋಣೆಗೆ ಹೋಗಿದ್ದೆ. ಅವಳು ಇರಲಿಲ್ಲ. ಮಷೀನಿನ ಸೂಜಿಯ ಮೇಲೆ ಬೆಳಕು ಬೀಳುವ ಹಾಗೆ ಸಣ್ಣ ಟಾರ್ಚೊಂದನ್ನು ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದಾಳೆ. ಕೂರುವ ಸ್ಟೂಲಿನ ಒಂದು ಕಾಲು ಒದ್ದೆ ನೆಲದಲ್ಲಿದೆ. ಅವಳು ಎಡಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದು ಯಾಕೆಂದು ಮೊನ್ನೆ ನಾನು ಕೇಳಿರಲಿಲ್ಲ.

ಕ್ಲಿಪ್ಪು ತರಲು ಮರೆತೆ.

ಮಾರ್ಚ್ ೨೩, ಶನಿವಾರ

ಮುಂದಿನ ಕೋಣೆ ಓದಲು ಲಾಯಕ್ಕಿಲ್ಲವೆಂದು ತೀರ್ಮಾನಿಸಿದ್ದೇನೆ. ರಜಾಯಿಗಳಲ್ಲಿ ಧೂಳು, ಗಂಟಲು ಕೆರೆಯುತ್ತದೆ. ಗಾಳಿಯೂ ಇಲ್ಲ. ಅವಳು ಅಂಗಡಿಗೆ ಹೋಗಿದ್ದಾಗ ಎಲ್ಲ ಬಿಚ್ಚಿ, ಹಾಸಿಗೆಯನ್ನು ಕಿಟಕಿಯಿಂದ ಇಳಿಸಿ, ಮಷೀನನ್ನು ಎಳೆದು ತಂದು ಅದರ ಜಾಗದಲ್ಲೇ ಇಟ್ಟೆ. ಕಬ್ಬಿಣದ ಕಾಲು, ಭಾರವೆಂದರೆ ಭಾರ. ಹೋದ ಸಲ ಇಷ್ಟು ಭಾರವಿತ್ತೆಂದು ನೆನಪಿಲ್ಲ.

ಬಂದು ಬಾಗಿಲಲ್ಲೇ ನಿಂತಳು. “ನಿಮ್ಮ ಸ್ಟುಡಿಯೋ?”

“ಧೂಳು” ಎಂದೆ.

“ಬೆನ್ನು ಹಿಡ್ಕೊಳ್ಳಲ್ವಾ ಒಬ್ರೇ ಎಳೆದ್ರೆ?” ಎಂದು ನನ್ನ ಬೆನ್ನನ್ನು ಒಂದು ಸಲ ಮುಟ್ಟಿ ನೋಡಿದಳು. ಆಮೇಲೆ ಚೀಲವನ್ನು ಅಡುಗೆಮನೆಗೂ ಒಯ್ಯದೆ ಅಲ್ಲೇ ನೆಲದ ಮೇಲಿಟ್ಟು, ಮಷೀನನ್ನು ಬಟ್ಟೆಯಿಂದ ಒರೆಸಿ, ಬಾಬಿನ್ ಹಾಕಿ ಕೂತಳು. ಕಟಕಟ ಶುರುವಾಯಿತು. ಮುಂದಿನ ಕೋಣೆಯಲ್ಲಿ ಆ ಸದ್ದು ಬೇರೆ ಥರ ಕೇಳುತ್ತದೆ. ಗೋಡೆಯ ಗುಣವಿರಬೇಕು.

ಮಾರ್ಚ್ ೨೬, ಮಂಗಳವಾರ

ಒಂದು ದೊಡ್ಡ ಸಮಸ್ಯೆ. ಗುರುವಾರ ಆ ಪುಟ ಓದಬೇಕು. ಕಡೆಯ ಸಲ ಅವಳ ಬಾಯಲ್ಲೇ ಕೇಳಿ ಕಲಿಯೋಣವೆಂದರೆ ಆ ಇರಲಿ ಈಗ ಮನೆಯಲ್ಲಿ ಸಿಗುತ್ತಿಲ್ಲ.

ನಿನ್ನೆ ಬೇಕೆಂದೇ ಅಂಗಡಿಯಿಂದ ತಪ್ಪು ಬಣ್ಣದ ದಾರ ತಂದುಕೊಟ್ಟೆ. “ಇರ್ಲಿ” ಎನ್ನುತ್ತಾಳೆಂದು ಮೊಬೈಲ್ ಹಿಡಿದು ಕಾದೆ. “ಕಣ್ಣು ತೋರಿಸ್ಕೊಳ್ಳಿ, ಹೋಗಿ ಬದಲಾಯಿಸ್ಕೊಂಡು ಬನ್ನಿ” ಎಂದಳು. ಇವತ್ತು ಬೆಳಗ್ಗೆ ಸಂತೆಗೆ ಜೊತೆಯಲ್ಲಿ ಬರುವುದಿಲ್ಲವೆಂದೆ. ಅದಕ್ಕೂ ಇರಲಿ ಇಲ್ಲ. “ಚೀಲ ಯಾರು ಹೊರ್ತಾರೆ? ಏಳ್ರಿ” ಎಂದಳು. ಹೋದೆ. ದಾರಿಯುದ್ದಕ್ಕೂ ಟೀಚರಮ್ಮ ತಮ್ಮ ಶಾಲೆಯ ಮಕ್ಕಳ ನಾಟಕಕ್ಕೆ ಬಟ್ಟೆ ಹೊಲಿಯಲು ಹೇಳಿದ್ದು, ಒಂದು ಮಗುವಿಗೆ ಆನೆಯ ಸೊಂಡಿಲು ಹೇಗೆ ಮಾಡುವುದೆಂದು ಗೊತ್ತಾಗದ್ದು ಎಲ್ಲ ಹೇಳಿದಳು. ನಾನೂ ಒಂದೆರಡು ಉಪಾಯ ಹೇಳಿದೆ, ಒಂದನ್ನು ಒಪ್ಪಿದಳು.

ಸಂತೋಷವೇ. ಆದರೆ ನಲವತ್ತೇಳನೇ ಪುಟಕ್ಕೆ ಏನು ಮಾಡಲಿ?

ಮಾರ್ಚ್ ೨೮, ಗುರುವಾರ

ಮೇಡಂ ಇವತ್ತು ಸ್ವತಃ ಗಾಜಿನಾಚೆ ಬಂದು ಕೂತಿದ್ದರು. ಈ ಕೆಲಸ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ ಎಂಬ ಭಯ. ಆ ತುಣುಕನ್ನು ಅನುಕರಿಸುವುದೆಂದು ಲೆಕ್ಕ ಹಾಕಿಕೊಂಡಿದ್ದೆ: ಇಷ್ಟು ಬಿಡುವು, ಇಷ್ಟು ಸಣ್ಣ ದನಿ.

ಓದುತ್ತ ಹೋದೆ. ಅಕ್ಕ ತಲೆ ಬಾಚಿಕೊಂಡಳು. ದಡಕ್ಕೆ ಬಂದಳು. ಪೆಟ್ಟಿಗೆಗಳು. ಆಗ ಲೆಕ್ಕವೆಲ್ಲ ಮರೆತುಹೋಯಿತು. ಒಗೆಯುವ ಕೋಣೆಯ ಟಾರ್ಚು ಕಣ್ಣಿಗೆ ಬಂತು, ಅದನ್ನು ಬಟ್ಟೆ ಪಟ್ಟಿಯಲ್ಲಿ ಎಷ್ಟು ನೀಟಾಗಿ ಕಟ್ಟಿದ್ದಳು ಎಂದು. ಅಷ್ಟು ನೀಟಾಗಿ ಕಟ್ಟಬೇಕಾದರೆ ಅಲ್ಲಿ ಬಹಳ ದಿನ ಇರಬೇಕಾಗುತ್ತದೆ ಅಂದುಕೊಂಡಿರಬೇಕು. ನನಗೆ ಬೇಸರವಾಯಿತು, ನಿಜವಾದ ಬೇಸರ. ‘ಇರಲಿ’ ಎಂದೆ.

ಗಾಜಿನಾಚೆಯಿಂದ ‘ಮತ್ತೊಮ್ಮೆ, ಸರ್’ ಬರಲಿಲ್ಲ. ಮೈಕು ಕೆಟ್ಟಿರಬೇಕೆಂದುಕೊಂಡೆ. ಕೊನೆಗೆ ನಾನೇ, “ಮತ್ತೊಮ್ಮೆ ಓದ್ಲಾ?” ಎಂದು ಕೇಳಿದೆ. ಧ್ವನಿಮುದ್ರಣದವನು ತಲೆ ಅಲ್ಲಾಡಿಸಿ, “ಬೇಡ ಸರ್” ಎಂದ. ಮೇಡಂ ತಮ್ಮ ಕಪ್ಪು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, “ಅಕ್ಕನ್ನ ಎಲ್ಲಿಂದ ಕರ್ಕೊಂಡು ಬಂದ್ರಿ?” ಎಂದರು. ಸೇಬಿನ ಚೂರು ಗಂಟಲಲ್ಲಿ ಸಿಕ್ಕಿತ್ತು ಎಂದೆ. ಶನಿವಾರ ಉಳಿದದ್ದನ್ನು ಮುಗಿಸಿ ಎಂದರು. ಮುಂದಿನ ತಿಂಗಳಿಗೆ ಇನ್ನೊಂದು ಪುಸ್ತಕ ತೆಗೆದಿಟ್ಟಿದ್ದಾರಂತೆ, ದಪ್ಪನೆಯದು.

ಮನೆಗೆ ಬಂದು ಹೇಳಿದೆ. ಹೆಂಡತಿ, “ಅದಕ್ಕೆ ಯಾಕೆ ಮುಖ ಹಾಗಿದೆ, ಗೆದ್ದಿದೀರಲ್ಲ” ಎಂದಳು. ಟೀ ನಾನೇ ಮಾಡಿದೆ.

ಮಾರ್ಚ್ ೨೯, ಶುಕ್ರವಾರ

ನಾಳೆ ಕಾದಂಬರಿಯ ಕೊನೆಯ ಪುಟ. ಅಲ್ಲೂ ಒಂದು ಇರಲಿ ಕಾದಿದೆ, ಪುಸ್ತಕದ ಕಟ್ಟಕಡೆಯ ಮಾತೇ ಅದು. ದೋಣಿ ಹಳೆಯದಾಗಿ ಅಂಗಳದಲ್ಲಿ ಬೋರಲು ಬಿದ್ದಿದೆ. ಅದರ ಕೆಳಗೆ ನಾಯಿಯೊಂದು ಮರಿ ಹಾಕಿದೆ, ಅವು ಕುಂಯಿಗುಟ್ಟುತ್ತವೆ. ಮುದುಕಿಯಾದ ಅಕ್ಕ ಮಧ್ಯಾಹ್ನ ಮಲಗಿದ್ದಾಳೆ. ಸದ್ದಿಗೆ ಅವಳ ನಿದ್ದೆ ಕೆಡುತ್ತದೆಂದು ತಮ್ಮ ಅವನ್ನು ಓಡಿಸಲು ಹೊರಟಾಗ ಅವಳು ಕಣ್ಣು ಮುಚ್ಚಿಕೊಂಡೇ ಅನ್ನುತ್ತಾಳೆ. ಲೇಖಕ ಇಲ್ಲಿಯೂ ಹೇಗೆಂದು ಬರೆದಿಲ್ಲ. ಬರೆಯದಿದ್ದರೆ ಬೇಡ, ಅವನಿಗೆ ಅವನ ಕಾರಣವಿರುತ್ತದೆ.

ಸಂಜೆ ಮುಂದಿನ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ಓದುತ್ತಿದ್ದೆ. ಕಿಟಕಿ ತೆರೆದಿತ್ತು. ಹೆಂಡತಿ ಆನೆಯ ಸೊಂಡಿಲು ಹೊಲಿಯುತ್ತಿದ್ದಳು, ಬೂದು ಬಣ್ಣದ ಬಟ್ಟೆ ಅವಳ ಮಡಿಲಿನಿಂದ ನೆಲದವರೆಗೆ ಇಳಿದಿತ್ತು. ಕಟಕಟದ ಮೇಲೆ ಕೇಳಿಸಲೆಂದು ನಾನು ದನಿ ಏರಿಸಿದೆ, ಅವಳು ಅಳತೆ ತಪ್ಪಿ ಹೊಲಿಗೆ ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಿಚ್ಚಿದಳು.

ಪುಸ್ತಕ ಮಡಚಿ ಎದ್ದೆ. “ನಾನು ಒಳಗೆ ಹೋಗಿ ಓದ್ಕೋತೀನಿ. ನಿನಗೆ ತೊಂದ್ರೆ ಆಗ್ತಿದೆ.”

ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಬಟ್ಟೆಯಿಂದ ಕಣ್ಣು ತೆಗೆಯದೆ, ಸೂಜಿಗಳು ಬೀಳದ ಹಾಗೆ, “ಇರ್ಲಿ” ಎಂದಳು.

ಮೊಬೈಲ್ ಮೇಜಿನ ಮೇಲೇ ಇತ್ತು, ಅದನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡು ಕೂತು, ಕೊನೆಯ ಪುಟವನ್ನು ಮೊದಲಿನಿಂದ ಓದಿದೆ. ಅವಳು ಮಷೀನು ನಿಲ್ಲಿಸಲಿಲ್ಲ, ನಿಲ್ಲಿಸು ಎಂದು ನಾನೂ ಹೇಳಲಿಲ್ಲ.